ಕಾರು ಎರವಲು ಕೊಟ್ಟರೆ ವಿಮೆ ಯಾರ ಕೈ ಹಿಡಿಯುತ್ತದೆ?

ಬಸವಕಲ್ಯಾಣ: ಆಸ್ಪತ್ರೆಯ ತುರ್ತು, ಮದುವೆಯ ಓಡಾಟ, ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ. ಕಾರಣ ಯಾವುದಾದರೂ ಸರಿ, ಮೋರಖಂಡಿಯಂಥ ಊರಿನಲ್ಲಿ ಕಾರುಳ್ಳವರ ಮನೆಗೆ ಬಂದು ಕೀಲಿ ಕೇಳುವವರಿಗೆ ಕೊರತೆಯಿಲ್ಲ. ಕೇಳುವವರು ಅಳಿಯನೋ, ಅಣ್ಣನ ಮಗನೋ, ಪಕ್ಕದ ಹೊಲದವರೋ ಆಗಿರುವುದರಿಂದ ಇಲ್ಲವೆನ್ನುವುದೂ ಕಷ್ಟ. ಆ ಕಾರು ಪುಣೆ-ಹೈದರಾಬಾದ್ ನಡುವಿನ ರಾಷ್ಟ್ರೀಯ ಹೆದ್ದಾರಿ 65ಕ್ಕೆ ಇಳಿದ ಮೇಲೆ ಅಪಘಾತವಾದರೆ ಹಣ ಕಟ್ಟಬೇಕಾದವರು ಯಾರು ಎಂಬ ಪ್ರಶ್ನೆ ಮಾತ್ರ ಕೀಲಿ ಕೊಡುವಾಗ ಯಾರ ಮನಸ್ಸಿನಲ್ಲೂ ಸುಳಿಯುವುದಿಲ್ಲ.

ಭಾರತದಲ್ಲಿ ಮೋಟಾರು ವಿಮೆ ಮೂಲತಃ ವಾಹನಕ್ಕೆ ಸೇರಿದ್ದು, ಚಾಲಕನಿಗಲ್ಲ. ಖಾಸಗಿ ಕಾರಿನ ಪಾಲಿಸಿಯ ಚಾಲಕ ಷರತ್ತು ಮಾಲೀಕನೂ ಸೇರಿದಂತೆ ಯಾವುದೇ ವ್ಯಕ್ತಿ ವಾಹನ ಓಡಿಸಬಹುದೆಂದು ಹೇಳುತ್ತದೆ. ಅಪಘಾತದ ಹೊತ್ತಿಗೆ ಆತನ ಬಳಿ ಚಾಲ್ತಿಯಲ್ಲಿರುವ ಚಾಲನಾ ಪರವಾನಗಿ ಇರಬೇಕು ಮತ್ತು ಆತ ಅನರ್ಹಗೊಂಡಿರಬಾರದು. ಆದ್ದರಿಂದ ಸ್ನೇಹಿತನಿಗೆ ಕಾರು ಕೊಟ್ಟ ಮಾತ್ರಕ್ಕೆ ವಿಮೆ ರದ್ದಾಗುತ್ತದೆಂಬ ನಂಬಿಕೆ ತಪ್ಪು. ಎರವಲು ಪಡೆದವನು ದಾರಿಹೋಕನಿಗೆ ಢಿಕ್ಕಿ ಹೊಡೆದರೂ ಮೂರನೆಯ ವ್ಯಕ್ತಿಗೆ ಸಲ್ಲಬೇಕಾದ ಪರಿಹಾರವನ್ನು ವಿಮಾ ಕಂಪೆನಿಯೇ ಕೊಡಬೇಕು. ಸಾವು ಮತ್ತು ಗಾಯಕ್ಕೆ ಈ ಹೊಣೆಗೆ ಮಿತಿಯಿಲ್ಲ. ಆಸ್ತಿ ನಷ್ಟಕ್ಕೆ ಖಾಸಗಿ ಕಾರಿನಲ್ಲಿ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿಯ ಮಿತಿಯಿದೆ.

ನಿಜವಾದ ತೊಡಕು ಇರುವುದು ಎರವಲು ಪಡೆದವನ ಪ್ರಾಣಕ್ಕೇ ಅಪಾಯವಾದಾಗ. ಇದನ್ನು ಇಡೀ ದೇಶಕ್ಕೆ ತಿಳಿಸಿದ ಪ್ರಕರಣ ನಮ್ಮ ಉತ್ತರ ಕರ್ನಾಟಕದ್ದೇ.

ಇಳಕಲ್‌ನಿಂದ ಗುಡೂರಿಗೆ

ಬಾಗಲಕೋಟೆ ಜಿಲ್ಲೆಯ ವ್ಯಕ್ತಿಯೊಬ್ಬರು ಬೇರೊಬ್ಬರ ಮೋಟಾರ್ ಸೈಕಲ್ ಪಡೆದು ಇಳಕಲ್‌ನಿಂದ ಸ್ವಂತ ಊರಾದ ಗುಡೂರಿಗೆ ಹೊರಟಿದ್ದರು. ಮುಂದೆ ಕಬ್ಬಿಣದ ತಗಡು ಹೇರಿಕೊಂಡು ಹೋಗುತ್ತಿದ್ದ ಎತ್ತಿನ ಗಾಡಿ ಹಠಾತ್ತನೆ ನಿಂತಿತು. ಬೈಕ್ ಅದಕ್ಕೆ ಅಪ್ಪಳಿಸಿ ಸವಾರ ಮೃತಪಟ್ಟರು. ಕುಟುಂಬದವರು ಬೈಕಿಗೆ ವಿಮೆ ನೀಡಿದ್ದ ಕಂಪೆನಿಯಿಂದ ಪರಿಹಾರ ಕೋರಿ, ತಪ್ಪು ಯಾರದೆಂದು ಸಾಬೀತುಪಡಿಸುವ ಅಗತ್ಯವಿಲ್ಲದ, ಅಂದು ಜಾರಿಯಲ್ಲಿದ್ದ 163-ಎ ಕಲಮಿನಡಿ ಅರ್ಜಿ ಹಾಕಿದರು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

2009ರ ಮೇ ತಿಂಗಳಿನಲ್ಲಿ ಬಂದ ತೀರ್ಪಿನ ಸಾರ ಇಷ್ಟು: ವಾಹನವನ್ನು ಎರವಲು ಪಡೆದವನು ಮಾಲೀಕನ ಸ್ಥಾನದಲ್ಲಿ ನಿಲ್ಲುತ್ತಾನೆ. ಪರಿಹಾರ ಕೊಡಬೇಕಾದವನು ಮಾಲೀಕ. ಕಂಪೆನಿ ಆತನ ಪರವಾಗಿ ಹಣ ತೆರುವ ಸಂಸ್ಥೆ. ಕೊಡಬೇಕಾದವನೇ ಪಡೆಯುವವನೂ ಆಗಲು ಸಾಧ್ಯವಿಲ್ಲ. ಹೀಗಾಗಿ ಆ ಕಲಮಿನಡಿ ಕುಟುಂಬದ ಅರ್ಜಿ ನಿಲ್ಲುವುದಿಲ್ಲವೆಂದ ನ್ಯಾಯಾಲಯ, 166ನೇ ಕಲಮಿನಡಿ ಪರಿಹಾರ ಸಲ್ಲುವುದೇ ಎಂಬುದನ್ನು ಪರಿಶೀಲಿಸಲು ಪ್ರಕರಣವನ್ನು ಹೈಕೋರ್ಟಿಗೆ ಮರಳಿಸಿತು.

ತರ್ಕ ಕಾನೂನಿನ ದೃಷ್ಟಿಯಿಂದ ನೇರವಾಗಿದೆ. ಒಂದು ದಿನದ ಮಟ್ಟಿಗೆ ಬೈಕ್ ಇಸಿದುಕೊಂಡವನ ಮನೆಯವರಿಗೆ ಮಾತ್ರ ಅದನ್ನು ಅರಗಿಸಿಕೊಳ್ಳುವುದು ಸುಲಭವಲ್ಲ. 2020ರ ಜನವರಿಯಲ್ಲಿ ಇನ್ನೊಂದು ಎರವಲು ಬೈಕಿನ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ ಇದೇ ನಿಲುವನ್ನು ಎತ್ತಿಹಿಡಿದು, ಪಾಲಿಸಿಯ ವೈಯಕ್ತಿಕ ಅಪಘಾತ ರಕ್ಷಣೆಯ 1 ಲಕ್ಷ ರೂಪಾಯಿಯನ್ನಷ್ಟೇ ಕೊಡಿಸಿತು. 2014ರಲ್ಲಿ ಮಲ್ಲಸಂದ್ರದಿಂದ ಅರಸೀಕೆರೆಗೆ ಹೋಗುತ್ತಿದ್ದಾಗ ಕಾರು ಉರುಳಿ ಚಾಲಕ ಸತ್ತ ಪ್ರಕರಣದಲ್ಲಿ, ಸ್ವಂತ ಅಜಾಗರೂಕತೆಯಿಂದ ಮಡಿದವನ ವಾರಸುದಾರರಿಗೆ ಪರಿಹಾರವಿಲ್ಲವೆಂದ ಕರ್ನಾಟಕ ಹೈಕೋರ್ಟಿನ ತೀರ್ಪಿನಲ್ಲಿ ಕೈಹಾಕಲು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ನಿರಾಕರಿಸಿತು. ಆದರೂ ವಿಷಯ ಇಲ್ಲಿಗೆ ಮುಗಿದಂತಿಲ್ಲ. 163-ಎ ಕಲಮಿನ ಈ ವ್ಯಾಖ್ಯಾನದ ಬಗ್ಗೆ ಸಂದೇಹ ವ್ಯಕ್ತಪಡಿಸಿದ ದ್ವಿಸದಸ್ಯ ಪೀಠವೊಂದು 2025ರ ಆಗಸ್ಟ್‌ನಲ್ಲಿ ಪ್ರಶ್ನೆಯನ್ನು ವಿಸ್ತೃತ ಪೀಠಕ್ಕೆ ಒಪ್ಪಿಸಿತು.

ಮಾಲೀಕ-ಚಾಲಕನ ಕಡ್ಡಾಯ ಅಪಘಾತ ರಕ್ಷಣೆಯ ಮೊತ್ತವನ್ನು 2018ರಲ್ಲಿ 15 ಲಕ್ಷ ರೂಪಾಯಿಗೆ ಏರಿಸಲಾಯಿತಾದರೂ, ಪಾಲಿಸಿಯ ಪ್ರಕಾರ ಅದು ನೋಂದಾಯಿತ ಮಾಲೀಕನು ಪರವಾನಗಿ ಹೊಂದಿದ್ದಾಗ ಆತನಿಗೆ ಮಾತ್ರ ಮೀಸಲು. ಕೀಲಿ ಪಡೆದು ಹೋದ ಅಳಿಯನಿಗೆ ಅದು ಸಿಗುತ್ತದೆಂದು ಭರವಸೆಯಿಡುವಂತಿಲ್ಲ. ಕಾರು ಆಗಾಗ ಪರರ ಕೈಗೆ ಹೋಗುವುದಿದ್ದರೆ ಕುಟುಂಬದ ಇತರರಿಗೂ ಪ್ರಯಾಣಿಕರಿಗೂ ಪ್ರತ್ಯೇಕ ರಕ್ಷಣೆ ಸೇರಿಸಿಕೊಳ್ಳುವುದು ಲೇಸು. ಒಳಗೆ ಕುಳಿತವರ ವಿಚಾರದಲ್ಲೂ ಎಚ್ಚರ ಬೇಕು. ಮೂರನೆಯ ವ್ಯಕ್ತಿಯ ವಿಮೆ ಮಾತ್ರವಿರುವ ಖಾಸಗಿ ಕಾರಿನಲ್ಲಿ ಉಚಿತವಾಗಿ ಪ್ರಯಾಣಿಸುವವರು ಅದರ ವ್ಯಾಪ್ತಿಗೆ ಬರುವುದಿಲ್ಲ. ಸಮಗ್ರ ಪಾಲಿಸಿಯಿದ್ದರೆ ಬರುತ್ತಾರೆ.

ಪರವಾನಗಿ ನೋಡದೆ ಕೊಟ್ಟರೆ

ಪರವಾನಗಿಯಿಲ್ಲದವನಿಗೆ ವಾಹನ ಕೊಡುವುದು ಮೋಟಾರು ವಾಹನ ಕಾಯ್ದೆ 1988ರ 5ನೇ ಕಲಮಿನ ಉಲ್ಲಂಘನೆ. 2019ರ ತಿದ್ದುಪಡಿಯ ನಂತರ ಇದಕ್ಕೆ ಮೂರು ತಿಂಗಳವರೆಗೆ ಸೆರೆ, 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಹದಿನೆಂಟು ತುಂಬದ ಹುಡುಗನ ಕೈಗೆ ಕೊಟ್ಟಿದ್ದರೆ 199-ಎ ಕಲಮಿನಂತೆ ಪಾಲಕ ಅಥವಾ ಮಾಲೀಕನಿಗೆ ಮೂರು ವರ್ಷದವರೆಗೆ ಸೆರೆ ಹಾಗೂ 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ತನಗೆ ತಿಳಿಯದೆ ನಡೆಯಿತೆಂದು ಸಾಬೀತುಪಡಿಸುವ ಹೊಣೆಯೂ ಅವರದೇ.

ಇಂಥ ಸಂದರ್ಭದಲ್ಲಿ ಗಾಯಾಳುವಿನ ಗತಿಯೇನು? ಸ್ವರಣ್ ಸಿಂಗ್ ಪ್ರಕರಣವೆಂದೇ ಪ್ರಸಿದ್ಧವಾದ 2004ರ ತೀರ್ಪಿನ ಪ್ರಕಾರ, ಪರವಾನಗಿ ಇರಲಿಲ್ಲವೆಂದಷ್ಟೇ ಹೇಳಿ ಕಂಪೆನಿ ಕೈ ತೊಳೆದುಕೊಳ್ಳುವಂತಿಲ್ಲ. ಮಾಲೀಕನೇ ನಿರ್ಲಕ್ಷ್ಯದಿಂದ ಷರತ್ತು ಮುರಿದನೆಂದು ಅದು ಸಾಬೀತುಪಡಿಸಬೇಕು. ಸಾಬೀತಾದರೂ ಸಂತ್ರಸ್ತರಿಗೆ ಮೊದಲು ಕಂಪೆನಿಯಿಂದ ಹಣ ಕೊಡಿಸಿ, ಬಳಿಕ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲು ನ್ಯಾಯಮಂಡಳಿ ಆದೇಶಿಸಬಹುದು. ಈ ವಸೂಲಿ ಭೂಕಂದಾಯದ ಬಾಕಿಯಂತೆ ಜಿಲ್ಲಾಧಿಕಾರಿಯ ಮೂಲಕ ನಡೆಯುತ್ತದೆ ಎಂಬುದನ್ನು ಹೊಲಮನೆ ಇರುವವರು ಗಮನಿಸಬೇಕು. ಮಾಲೀಕನು ಪರವಾನಗಿಯನ್ನು ಕಣ್ಣಾರೆ ನೋಡಿ, ಓಡಿಸುವವನ ಪರಿಣತಿ ತಿಳಿದುಕೊಂಡಿದ್ದರೆ ಸಾಕು. ಅದು ಅಸಲಿಯೇ ನಕಲಿಯೇ ಎಂದು ಆರ್‌ಟಿಒ ಕಚೇರಿಗೆ ಅಲೆಯಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2022ರಲ್ಲೂ ಹೇಳಿದೆ. ಅವಧಿ ಮುಗಿದ ದಿನಾಂಕವನ್ನಂತೂ ನೋಡಲೇಬೇಕು. ಹಿಂದೆ ಇದ್ದ 30 ದಿನಗಳ ರಿಯಾಯಿತಿಯನ್ನು 2019ರ ತಿದ್ದುಪಡಿ ತೆಗೆದುಹಾಕಿದೆ.

ಬಾಡಿಗೆಯ ವಾಸನೆ ಬಂದರೆ

ಖಾಸಗಿ ಕಾರಿನ ಪಾಲಿಸಿ ಬಾಡಿಗೆ ಬಳಕೆಯನ್ನು ಸ್ಪಷ್ಟವಾಗಿ ಹೊರಗಿಡುತ್ತದೆ. ಬಿಳಿ ಬೋರ್ಡಿನ ಕಾರನ್ನು ತುಳಜಾಪುರಕ್ಕೋ ಅಕ್ಕಲಕೋಟೆಗೋ ಕಿಲೋಮೀಟರ್ ಲೆಕ್ಕದಲ್ಲಿ ಕಳುಹಿಸಿ, ಅಪಘಾತವಾದ ಮೇಲೆ "ಸ್ನೇಹಿತರಿಗೆ ಕೊಟ್ಟಿದ್ದೆ" ಎನ್ನುವುದು ತನಿಖೆಯಲ್ಲಿ ಬಹಳ ಹೊತ್ತು ನಿಲ್ಲದು. ಒಳಗಿದ್ದ ಪ್ರಯಾಣಿಕರೇ ಪೊಲೀಸರ ಮುಂದೆ ಬಾಡಿಗೆಯ ಮೊತ್ತ ಹೇಳಿಬಿಡುತ್ತಾರೆ. ಇಂಥ ಒಂದು ವಿವಾದದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಮಾಲೀಕನ ಕೋರಿಕೆಯನ್ನು ಪೂರ್ತಿ ತಳ್ಳಿಹಾಕದೆ ಭಾಗಶಃ ಮೊತ್ತ ಕೊಡಿಸಿದ್ದುಂಟು. ಅದಕ್ಕಾಗಿ ಮಾಲೀಕ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

ಕುಡಿದು ಓಡಿಸಿದರೆ, ಅದು ಮಾಲೀಕನಿಗೆ ತಿಳಿದೇ ನಡೆದಿದ್ದರೆ, ಸ್ವಂತ ಕಾರಿನ ನಷ್ಟಕ್ಕೆ ಬಿಡಿಗಾಸೂ ಇಲ್ಲ. ಎಲ್ಲವೂ ಸರಿಯಿದ್ದು ದುರಸ್ತಿಯ ಹಣ ಬಂದರೂ, ಕ್ಲೇಮು ರಹಿತ ವರ್ಷಗಳಿಗಾಗಿ ಸಿಗುತ್ತಿದ್ದ, ಐದು ವರ್ಷಗಳಲ್ಲಿ ಶೇ 50ರವರೆಗೆ ಏರುವ ಬೋನಸನ್ನು ಕಳೆದುಕೊಳ್ಳುವವನು ಕಾರು ಕೊಟ್ಟವನೇ.

ಪಾಲಿಸಿ ಇಡೀ ಭಾರತಕ್ಕೆ ಅನ್ವಯಿಸುವುದರಿಂದ ಗಡಿ ದಾಟಿದ ಮಾತ್ರಕ್ಕೆ ರಕ್ಷಣೆ ತಪ್ಪುವುದಿಲ್ಲ. ಆದರೆ ಅಪಘಾತವಾದ ಸ್ಥಳದಲ್ಲಿ ಅಥವಾ ತಾನು ವಾಸಿಸುವ ಊರಿನ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕುವ ಹಕ್ಕು ಸಂತ್ರಸ್ತರಿಗಿದೆ. ಎರವಲು ಹೋದ ಕಾರು ಉಮರ್ಗಾ ಬಳಿಯೋ ಜಹೀರಾಬಾದ್ ಬಳಿಯೋ ಯಾರಿಗಾದರೂ ಢಿಕ್ಕಿ ಹೊಡೆದರೆ ನೋಟಿಸು ಬರುವುದು ಮಹಾರಾಷ್ಟ್ರ ಅಥವಾ ತೆಲಂಗಾಣದಿಂದ, ಮರಾಠಿಯಲ್ಲೋ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ, ಮೋರಖಂಡಿಯಲ್ಲಿ ಮನೆಯಲ್ಲೇ ಇದ್ದ ಮಾಲೀಕನ ಹೆಸರಿಗೆ. ಅದನ್ನು ಕಡೆಗಣಿಸಿದರೆ ಪ್ರಕರಣ ಏಕಪಕ್ಷೀಯವಾಗಿ ತೀರ್ಮಾನವಾಗಬಹುದು. ಓಡಿಸಿದವನ ಪರವಾನಗಿಯ ಪ್ರತಿಯೊಂದನ್ನು ಮೊದಲೇ ಮೊಬೈಲಿನಲ್ಲಿ ಇಟ್ಟುಕೊಂಡವನಿಗೆ ಆಗ ವಕೀಲರ ಕೈಗೆ ಕೊಡಲು ಒಂದು ದಾಖಲೆಯಾದರೂ ಇರುತ್ತದೆ.