ಹೆಸರಿನ ಹಿಂದಿನ ಊರು

ದಕ್ಷಿಣ ಅಮೆರಿಕದ ಈಶಾನ್ಯ ಕರಾವಳಿಯ ಪುಟ್ಟ ದೇಶ ಸುರಿನಾಮ್. ಅಲ್ಲಿನ ಜನಸಂಖ್ಯೆಯ ಕಾಲುಭಾಗಕ್ಕೂ ಮಿಕ್ಕವರ ಪೂರ್ವಿಕರು ಭಾರತದವರು. ಡಚ್ಚರು ತಮ್ಮ ಈ ವಸಾಹತಿನಲ್ಲಿ 1863ರಲ್ಲಿ ಗುಲಾಮಗಿರಿಯನ್ನು ರದ್ದುಪಡಿಸಿದರೂ, ಬಿಡುಗಡೆಯಾದವರನ್ನು ಇನ್ನೂ ಹತ್ತು ವರ್ಷ ಸರ್ಕಾರದ ಮೇಲ್ವಿಚಾರಣೆಯಲ್ಲಿ ದುಡಿಸಿಕೊಂಡರು. ಆ ಅವಧಿ ಮುಗಿಯುವ ವೇಳೆಗೆ ಕಬ್ಬಿನ ತೋಟಗಳಿಗೆ ಹೊಸ ಆಳುಗಳು ಬೇಕಾದರು. ಬ್ರಿಟಿಷರೊಡನೆ ಆದ ಒಪ್ಪಂದದಂತೆ ಕೊಲ್ಕತ್ತದಿಂದ ಹೊರಟ ‘ಲಾಲಾ ರೂಖ್’ ಹಡಗು 1873ರ ಜೂನ್ ತಿಂಗಳಲ್ಲಿ ಪಾರಾಮಾರಿಬೊ ಸೇರಿತು. 1916ರವರೆಗೆ 34,000ಕ್ಕೂ ಹೆಚ್ಚು ಜನ ಐದು ವರ್ಷಗಳ ಕರಾರಿನ ಮೇಲೆ ಹೋದರು. ಸುಮಾರು ಮೂರನೆಯ ಒಂದು ಪಾಲು ಮಂದಿ ಮರಳಿದರು. ಉಳಿದವರು ಅಲ್ಲಿಯೇ ಬೇರೂರಿದರು. ಅವರ ಅವಧಿ, ಭೋಜಪುರಿ ಮಾತುಗಳು ಬೆರೆತು ‘ಸರ್ನಾಮಿ’ ಎಂಬ ನುಡಿಯಾಯಿತು.

ಇವರಲ್ಲಿ ಬಹುಪಾಲು ಜನ ತಮ್ಮ ಕಥೆಯನ್ನು ಬರೆದಿಡಲಿಲ್ಲ. 1898ರಲ್ಲಿ ಹೋದ ಮುನ್ಷಿ ರಹಮಾನ್ ಖಾನ್ ಹಿಂದಿಯಲ್ಲಿ ಆತ್ಮಕಥೆ ಬರೆದದ್ದು ಅಪರೂಪದ ಮಾತು. ಉಳಿದವರ ಪಾಲಿಗೆ ಇರುವ ಆಧಾರ ವಲಸೆಯ ದಾಖಲೆಪುಸ್ತಕ. ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಎತ್ತರ, ಮೈಮೇಲಿನ ಗುರುತು, ಹಳ್ಳಿ, ಠಾಣೆ, ಜಿಲ್ಲೆ: ಆಳನ್ನು ಗುರುತಿಸಲೆಂದು ಗುಮಾಸ್ತ ತುಂಬಿದ ಈ ಅಂಕಣಗಳೇ ಇಂದು ಮರಿಮಕ್ಕಳಿಗೆ ವಂಶಾವಳಿಯಾಗಿವೆ.

ಆದರೆ ಹುಡುಕಾಟ ಸುಲಭವಲ್ಲ. ಹಡಗೇರಿದವನ ಒಂಟಿ ಹೆಸರೇ ಮುಂದೆ ಎಷ್ಟೋ ಮನೆತನಗಳ ಕುಲನಾಮವಾಯಿತು. ಡಚ್ ಬರಹದಲ್ಲಿ ಉಕಾರಕ್ಕೆ ‘ಓ, ಇ’ ಎಂಬ ಎರಡು ಅಕ್ಷರ, ಜಕಾರಕ್ಕೆ ‘ಡಿ, ಜೆ’. ‘ದುರ್ಗಾ’ ನಮ್ಮ ಕಣ್ಣಿಗೆ ‘ಡೋಎರ್ಗಾ’ ಎಂದು ಕಾಣುತ್ತದೆ. ಮೊದಲು ಹೆಸರಿನ ಧ್ವನಿಯನ್ನು ಮರಳಿ ಪಡೆಯಬೇಕು, ಆಮೇಲೆ ಊರು. ಕಿವಿಗೆ ಬಿದ್ದಂತೆ ಬರೆದ ಹಳ್ಳಿಯ ಹೆಸರು ನಕ್ಷೆಯಲ್ಲಿ ಸಿಗದಿದ್ದಾಗ ಠಾಣೆಯ ಹೆಸರೇ ದಾರಿ ತೋರುತ್ತದೆ.

ಊರು, ತಂದೆ, ತಾನು: ಈ ಮೂರು ಅಂಕಣಗಳನ್ನು ನಾವು ಕನ್ನಡಿಗರು ಹೆಸರಿನಲ್ಲಿಯೇ ಹೊತ್ತು ನಡೆದವರು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬುದು ‘ಕುವೆಂಪು’ ಎಂದು ಕುಗ್ಗಿದಾಗಲೂ ಮೂರೂ ಉಳಿದವು. ಪೀತಮ್‌ಪುರದಂತಹ ಬಡಾವಣೆಗಳಲ್ಲಿ ಬೆಳೆಯುವ ನಮ್ಮ ಮಕ್ಕಳ ಶಾಲಾ ಅರ್ಜಿಗಳು ಕೇಳುವುದು ಕುಲನಾಮವನ್ನು ಮಾತ್ರ. ಅಲ್ಲಿ ಮೊದಲು ಉದುರುವುದು ಊರಿನ ಅಕ್ಷರ. ಸುರಿನಾಮಿನವರು ನೂರೈವತ್ತು ವರ್ಷಗಳ ತರುವಾಯ ಅರಸುತ್ತಿರುವುದು ಆ ಒಂದನ್ನೇ.