ಬೆಂಗಳೂರಲ್ಲಿ ಸೀಮೆ, ಚೆನ್ನೈನಲ್ಲಿ ಬೆಂಗಳೂರು: ಹಿತ್ತಲು ಬಾಲ್ಕನಿಗೆ ಬಂದ ಕಥೆ

ಈ ಸಲದ ಮಾತು ಒಂದು ತರಕಾರಿಯಿಂದ ಶುರುವಾಗುತ್ತೆ. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಆಫೀಸ್ ಕ್ಯಾಬ್‌ನಲ್ಲಿ ಕೂತು ಓದೋರಿಗೆ ಅಂತ ಅದನ್ನೇ ಇಲ್ಲಿ ಸ್ವಲ್ಪ ಒಪ್ಪ ಮಾಡಿ ಬರೆದಿದ್ದೀನಿ.

ಎರಡು ವರ್ಷದ ಹಿಂದೆ ಅಪ್ಪ ಹೋದ ಮೇಲೆ ಅಮ್ಮ ನನ್ನ ಜೊತೆ ಚೆನ್ನೈಗೆ ಬಂದಳು. ಬೆಂಗಳೂರಿನ ತ್ಯಾಗರಾಜನಗರದ ನಮ್ಮ ಮನೆ ಮೂವತ್ತು-ನಲವತ್ತು ಸೈಟಿನದು. ಹಿಂದುಗಡೆ ಆರಡಿ ಅಗಲದ ಹಿತ್ತಲು. ಅಷ್ಟರಲ್ಲೇ ಕರಿಬೇವು, ಎರಡು ಬಾಳೆ, ಒಂದು ನುಗ್ಗೆ, ತಂತಿ ಕಟ್ಟಿ ಹಬ್ಬಿಸಿದ ಸೀಮೆಬದನೆ ಚಪ್ಪರ. ಮನೆ ಬಿಲ್ಡರ್ ಕೈಗೆ ಹೋಯ್ತು, ಹಿತ್ತಲೂ ಹೋಯ್ತು. ಇಲ್ಲಿ ಓಎಂಆರ್ ಪಕ್ಕದ ಬಾಡಿಗೆ ಫ್ಲಾಟು, ಮೂರನೇ ಮಹಡಿ, ಎಂಟಡಿ ಉದ್ದ ನಾಲ್ಕಡಿ ಅಗಲದ ಬಾಲ್ಕನಿ. ಮೊದಲ ಕೆಲವು ತಿಂಗಳು ಅಮ್ಮ ಆ ಬಾಲ್ಕನಿಯಲ್ಲಿ ಸುಮ್ಮನೆ ನಿಂತಿರ್ತಿದ್ದಳು. ಮಾತೇ ಕಮ್ಮಿ.

ಒಂದು ಭಾನುವಾರ ತರಕಾರಿ ಅಂಗಡಿಗೆ ಹೋದ್ವಿ. ಅಮ್ಮ ಸೀಮೆಬದನೆಕಾಯಿ ಕಡೆ ಕೈ ತೋರಿಸಿದಳು. ಅಂಗಡಿಯಾಕೆ, “ಬೆಂಗಳೂರ್ ಕತ್ತಿರಿಕ್ಕಾಯಾ? ಎವ್ವಳವು ಮಾ?” ಅಂದಳು. ಅಮ್ಮನಿಗೆ ಅರ್ಥವಾಗೋಕೆ ಒಂದು ನಿಮಿಷ ಬೇಕಾಯ್ತು. ಆಮೇಲೆ ನಕ್ಕಳು. “ಏನೇ ಇದು, ಬೆಂಗಳೂರಲ್ಲಿದ್ದಾಗ ಇದನ್ನ ಸೀಮೆಯದು ಅಂತಿದ್ವಿ. ಇಲ್ಲಿ ನೋಡಿದ್ರೆ ಇದು ನಮ್ಮೂರಿನದಂತೆ!”

ಅವಳು ಹಾಗೆ ನಕ್ಕು ಎಷ್ಟು ದಿನ ಆಗಿತ್ತು! ಮನೆಗೆ ಬಂದು ಈ ಕಾಯಿಯ ಹಿಂದೆ ಬಿದ್ದೆ. ಹೈದರಾಬಾದಿನಲ್ಲಿ ಇರೋರಿಗೆ ಗೊತ್ತಿರುತ್ತೆ, ತೆಲುಗಲ್ಲೂ ಅದು “ಬೆಂಗಳೂರು ವಂಕಾಯ”. ಹುಡುಕ್ತಾ ಹೋದಾಗ ಸಿಕ್ಕಿದ್ದು ಒಂದು ಕಾಯಿಯ ಕಥೆ ಮಾತ್ರ ಆಗಿರಲಿಲ್ಲ. ಊರಿಗೆ ಹೊಸದಾಗಿ ಬಂದೋರು ಅಂಗೈಯಗಲ ಜಾಗದಲ್ಲಿ ಹೇಗೆ ಬೇರು ಬಿಡ್ತಾರೆ ಅನ್ನೋ ಕಥೆಯೂ ಅದರಲ್ಲಿತ್ತು.

ಸೀಮೆಯಿಂದ ಹಿತ್ತಲಿಗೆ

ಸೀಮೆ ಅಂದ್ರೆ ಗಡಿ, ನಾಡು. ನಮ್ಮ ಆಡುಮಾತಲ್ಲಿ ಅದಕ್ಕೆ ಪರದೇಶ ಅನ್ನೋ ಅರ್ಥವೂ ಸೇರಿಕೊಂಡಿತು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಸೀಮೆಹುಣಸೆ. ಹೊರಗಿನಿಂದ ಬಂದದ್ದಕ್ಕೆಲ್ಲ ಅದೊಂದು ಮೊಹರು. ಸೀಮೆಬದನೆ ಅಸಲಿಗೆ ಬದನೆ ಜಾತಿಯದೇ ಅಲ್ಲ. ಸೋರೆ, ಹೀರೆ, ಸೌತೆಗಳ ಬಳಗ. ಹುಟ್ಟೂರು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಕಡೆ. ಅಲ್ಲಿನ ನಹುವಾಟ್ಲ್ ಭಾಷೆಯ ಹೆಸರನ್ನೇ ಸ್ಪೇನಿನವರು ತಮ್ಮ ಬಾಯಿಗೆ ಹೊಂದಿಸಿಕೊಂಡು “ಚಯೋಟೆ” ಅಂದರು. ನಮ್ಮಲ್ಲಿ ಚೌಚೌ ಅನ್ನೋದೂ ಇದನ್ನೇ. ಹೋಟೆಲಿನ ಚೌಚೌ ಬಾತ್‌ಗೂ ಇದಕ್ಕೂ ಸಂಬಂಧ ಇಲ್ಲ, ಅದು ಕೇಸರಿಬಾತು ಖಾರಾಬಾತಿನ ಜೋಡಿ!

ಬೆಂಗಳೂರಿಗೆ ಇದನ್ನು ತಂದದ್ದು ಲಾಲ್‌ಬಾಗಿನ ಸೂಪರಿಂಟೆಂಡೆಂಟ್ ಆಗಿದ್ದ ಜಾನ್ ಕ್ಯಾಮೆರಾನ್ ಅಂತ ಲಾಲ್‌ಬಾಗಿನ ಇತಿಹಾಸ ಬರೆದವರು ಹೇಳ್ತಾರೆ. ಅವರು ಇಲ್ಲಿಗೆ ಬಂದದ್ದು 1874ರಲ್ಲಿ. ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿದ್ದದ್ದೂ ಅವರ ಕಾಲದಲ್ಲೇ. ಹೊರದೇಶದ ಗಿಡ ತರಿಸೋದು, ನೆಟ್ಟು ನೋಡೋದು, ಒಗ್ಗಿದರೆ ಸಸಿ ಮಾಡಿ ಹಂಚೋದು ಆಗಿನ ಲಾಲ್‌ಬಾಗಿನ ದೊಡ್ಡ ಕೆಲಸ.

ತಂದದ್ದು ಅಧಿಕಾರಿ, ಸರಿ. ಅದು ಮನೆಮನೆಗೆ ಹಬ್ಬಿದ್ದಕ್ಕೆ ಅದರ ಸ್ವಭಾವವೇ ಕಾರಣ. ಒಂದು ಕಾಯಿಗೆ ಒಂದೇ ಬೀಜ. ಆ ಬೀಜ ಕಾಯಿಯ ಒಳಗೇ ಮೊಳಕೆ ಒಡೆಯುತ್ತೆ. ತರಕಾರಿ ಬುಟ್ಟಿಯಲ್ಲಿ ಮರೆತುಹೋದ ಕಾಯಿ ಒಂದು ದಿನ ತಾನೇ ಬಾಯಿ ಬಿಟ್ಟು ಹಸಿರು ನಾಲಿಗೆ ಚಾಚಿರುತ್ತೆ. ಇಡೀ ಕಾಯನ್ನು ಓರೆಯಾಗಿ ಮಣ್ಣಿಗೆ ಇಟ್ಟರೆ ಆಯ್ತು. ಬೀಜ ಕೊಳ್ಳೋದಿಲ್ಲ, ಸಸಿ ಮಾಡೋದಿಲ್ಲ. ಬೆಂಗಳೂರಿನ ತಂಪು ಅದಕ್ಕೆ ಹಿಡಿಸಿತು. ಒಂದು ಬಳ್ಳಿ ಹಬ್ಬಿದರೆ ನಾಲ್ಕು ಮನೆಗೆ ಹಂಚುವಷ್ಟು ಕಾಯಿ. ಕಾಂಪೌಂಡ್ ಗೋಡೆ ಮೇಲಿಂದ ಕಾಯಿ ಕೈ ದಾಟಿತು. ಅದರ ಜೊತೆ ಕೂಟು, ಸಿಪ್ಪೆ ಚಟ್ನಿಯೂ ದಾಟಿದವು. ಹೀಗೆ ಪರದೇಶಿ ಬಳ್ಳಿ ಊರಿನದಾಯ್ತು. ಪಕ್ಕದ ಸೀಮೆಯವರು ಅದಕ್ಕೆ ನಮ್ಮೂರಿನ ಹೆಸರನ್ನೇ ಇಟ್ಟರು. ನಾವು ಮಾತ್ರ ಇವತ್ತಿಗೂ ಸೀಮೆ ಅಂತಲೇ ಕರೀತೀವಿ.

ಪ್ಲೇಗು ಬಿಟ್ಟ ಜಾಗ

ಹಿತ್ತಲು ಅನ್ನೋದು ನಗರಕ್ಕೆ ತಾನಾಗಿ ಬಂದದ್ದಲ್ಲ. ಬೆಂಗಳೂರು ಪೇಟೆಗೆ ಸೊಪ್ಪು ತರಕಾರಿ ಬೆಳೆದು ಕೊಡ್ತಿದ್ದವರು ಮುಖ್ಯವಾಗಿ ತಿಗಳರು, ಕರಗ ಹೊರುವ ಸಮುದಾಯದವರು. ಅವರ ಮೂಲ ತಮಿಳು ಸೀಮೆ ಅಂತ ಹೇಳ್ತಾರೆ. ಕೆರೆಗಳ ಕೆಳಗೆ, ಕೆರೆ ಅಂಚಲ್ಲಿ ಅವರ ತೋಟಗಳು. ಅಂಥ ಒಂದು ಸಂಪಂಗಿ ಕೆರೆ. ಅದು ಇದ್ದ ಜಾಗದಲ್ಲಿ ಈಗ ಕಂಠೀರವ ಸ್ಟೇಡಿಯಂ ಇದೆ. ತಮಿಳು ಸೀಮೆಯಿಂದ ಬಂದ ಕೈಗಳು ಬೆಂಗಳೂರಿಗೆ ಸೊಪ್ಪು ತಿನ್ನಿಸಿದವು, ನಾನು ಚೆನ್ನೈನಲ್ಲಿ ಕೂತು ಇದನ್ನು ಬರೀತಿದ್ದೀನಿ. ಲೆಕ್ಕ ಹೀಗೆ ತಿರುಗುತ್ತೆ ನೋಡಿ.

1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಒತ್ತೊತ್ತಾದ ಮನೆಗಳಿಂದ ಜನ ಹೊರಗೆ ಓಡಿದರು. ಅದೇ ದಶಕದಲ್ಲಿ ಯೋಜನೆಯಾಗಿದ್ದ ಮಲ್ಲೇಶ್ವರ, ಬಸವನಗುಡಿ ತುಂಬಿಕೊಂಡದ್ದು ಆಮೇಲೆ. ಅಲ್ಲಿ ಅಗಲ ರಸ್ತೆ, ಗಾಳಿ ಬೆಳಕಿಗೆ ಅಂತ ಮನೆ ಸುತ್ತ ಜಾಗ, ಹಿಂದೆ ಕನ್ಸರ್ವೆನ್ಸಿ ಗಲ್ಲಿ. ತರಕಾರಿ ಬೆಳೀಲಿ ಅಂತ ಯಾರೂ ಬಿಟ್ಟ ಜಾಗವಲ್ಲ, ರೋಗ ಬಾರದಿರಲಿ ಅಂತ ಬಿಟ್ಟದ್ದು. ಆದರೆ ಮಣ್ಣು ಕಂಡರೆ ನಮ್ಮಜ್ಜಿಯರು ಸುಮ್ಮನಿರ್ತಾರಾ? ಬಚ್ಚಲ ನೀರು ಹರಿಯೋ ಕಡೆ ಬಾಳೆ, ಕೆಸು. ಅಕ್ಕಿ ತೊಳೆದ ನೀರು ಕರಿಬೇವಿಗೆ. ಹಂಡೆ ಒಲೆಯ ಬೂದಿ ಹುಳಕ್ಕೆ ಮದ್ದು. ಗೊಬ್ಬರಕ್ಕೂ ನೀರಿಗೂ ಬಿಡಿಗಾಸು ಖರ್ಚಿಲ್ಲ. ಇವತ್ತು ಸಸ್ಟೈನಬಲ್ ಅಂತ ನಾವು ಸ್ಲೈಡ್ ಹಾಕಿ ಹೇಳೋದೆಲ್ಲ ಆಗ ಬಚ್ಚಲ ಹಿಂದೆ ನಡೀತಿತ್ತು.

ಆದರೆ ಒಂದು ಮಾತು ಹೇಳಲೇಬೇಕು. ಹಿತ್ತಲು ಎಲ್ಲರಿಗೂ ಇರಲಿಲ್ಲ. ಸೈಟು ಕೊಳ್ಳಬಲ್ಲವರಿಗೆ ಇತ್ತು, ಅದರಲ್ಲೂ ಮೇಲ್ಜಾತಿಯವರೇ ಹೆಚ್ಚು. ನನ್ನ ಅಪ್ಪನೇ ಮದುವೆಗೆ ಮುಂಚೆ ಇದ್ದದ್ದು ಚಾಮರಾಜಪೇಟೆಯ ವಠಾರದಲ್ಲಿ: ಎರಡು ಕೋಣೆ, ಸಾಲು ಮನೆ, ಮಧ್ಯೆ ಒಂದು ನಲ್ಲಿ. ಅಲ್ಲಿ ಬಾಗಿಲ ಪಕ್ಕ ತಳ ತೂತು ಮಾಡಿದ ಡಾಲ್ಡಾ ಡಬ್ಬ ಇರ್ತಿತ್ತಂತೆ, ಅದರಲ್ಲಿ ದೊಡ್ಡಪತ್ರೆ. ಹಳೇ ಎಣ್ಣೆ ಡಬ್ಬದಲ್ಲಿ ಮೆಣಸಿನ ಗಿಡ. ಮನೆ ಬದಲಾಯಿಸುವಾಗ ಡಬ್ಬವೂ ಗಾಡಿ ಹತ್ತಿತು.

ಇತಿಹಾಸದ ಪುಸ್ತಕಗಳಲ್ಲಿ ಲಾಲ್‌ಬಾಗ್ ಇರುತ್ತೆ, ಡಾಲ್ಡಾ ಡಬ್ಬ ಇರಲ್ಲ. ಆದರೆ ಬಾಡಿಗೆ ಮನೆಯಲ್ಲಿ ಕುಂಡ ಇಟ್ಟುಕೊಂಡಿರೋ ನಮ್ಮಂಥವರ ವಂಶವೃಕ್ಷ ಹೋಗಿ ಮುಟ್ಟೋದು ವಠಾರದ ಆ ಡಬ್ಬಕ್ಕೇ.

ಕಷ್ಟ ಬಂದಾಗಲೆಲ್ಲ ಕೈತೋಟ

ಸರ್ಕಾರಗಳಿಗೆ ಮನೆತೋಟ ನೆನಪಾಗೋದು ಸಾಮಾನ್ಯವಾಗಿ ಹೊಟ್ಟೆಗೆ ತತ್ವಾರ ಬಂದಾಗ. ಎರಡನೇ ಮಹಾಯುದ್ಧದ ನಡುವೆ ಬರ್ಮಾ ಅಕ್ಕಿ ನಿಂತುಹೋದಾಗ “ಗ್ರೋ ಮೋರ್ ಫುಡ್” ಚಳವಳಿ ಶುರುವಾಯ್ತು. ಸ್ವಾತಂತ್ರ್ಯ ಬಂದ ಮೇಲೂ ಮುಂದುವರಿಯಿತು. 1965ರ ಯುದ್ಧದ ಹೊತ್ತಿಗೆ ಮತ್ತೆ ಧಾನ್ಯದ ಕೊರತೆ. ವಾರಕ್ಕೊಂದು ಹೊತ್ತು ಊಟ ಬಿಡಿ ಅಂತ ಕೇಳಿಕೊಂಡ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ದೆಹಲಿಯ ತಮ್ಮ ಸರ್ಕಾರಿ ಮನೆಯ ಹುಲ್ಲುಹಾಸನ್ನೇ ಉಳುಮೆ ಮಾಡಿದರು. ದೆಹಲಿಯಲ್ಲಿರೋ ಗೆಳೆಯರೇ, ಜನಪಥದ ಕಡೆ ಹೋದಾಗ ನೆನಪಿಸಿಕೊಳ್ಳಿ.

ಆಮೇಲೆ ಬಂದದ್ದು ಬೇರೆ ಥರದ ಕಷ್ಟ: ಜಾಗ ಇಲ್ಲ, ಕಸ ಜಾಸ್ತಿ. ಇದಕ್ಕೆ ಚಂದದ ಉತ್ತರ ಹುಡುಕಿದ್ದು ಮುಂಬೈ. 2002ರಲ್ಲಿ ಮುಂಬೈ ಪೋರ್ಟ್ ಟ್ರಸ್ಟಿನ ಸೆಂಟ್ರಲ್ ಕಿಚನ್‌ನಲ್ಲಿ ಅಧಿಕಾರಿಯಾಗಿದ್ದ ಪ್ರೀತಿ ಪಾಟೀಲ್ ಅಡುಗೆಮನೆಯ ಹಸಿಕಸವನ್ನು ಲಾರಿಗೆ ತುಂಬಿಸೋ ಬದಲು ತಾರಸಿಗೆ ಸಾಗಿಸಿದರು. ಸಾವಿರಾರು ನೌಕರರಿಗೆ ಊಟ ಹಾಕೋ ಅಡುಗೆಮನೆ ಅದು, ಕಸಕ್ಕೇನು ಬರ? ಅದೇ ಗೊಬ್ಬರವಾಗಿ ಬಂದರಿನ ಕಾಂಕ್ರೀಟ್ ಮಾಡಿನ ಮೇಲೆ ತರಕಾರಿ, ಹಣ್ಣಿನ ಗಿಡ ಎದ್ದವು. ಇಂಥ ಪ್ರಯೋಗಗಳ ಹಿಂದೆ ಕೊಲ್ಹಾಪುರ ಕಡೆಯ ಗಣಿತದ ಮೇಷ್ಟ್ರು ಶ್ರೀಪಾದ ದಾಭೋಳ್ಕರರ ವಿಚಾರಗಳಿದ್ದವು. ಅವರ “ಪ್ರಯೋಗ ಪರಿವಾರ” ಪುಣೆಯಲ್ಲಿರೋ ಕೆಲವರಿಗೆ ಪರಿಚಯ ಇರಬಹುದು.

ಬೆಂಗಳೂರಲ್ಲಿ ಕೃಷಿ ವಿಜ್ಞಾನಿ ಡಾ. ಬಿ. ಎನ್. ವಿಶ್ವನಾಥ್ ಮತ್ತು ಗೆಳೆಯರು ತಾರಸಿ ತೋಟವನ್ನು ಕಾರ್ಯಾಗಾರ ಮಾಡಿ ಮಾಡಿ ಕಲಿಸಿದರು. “ಊಟ ಫ್ರಮ್ ಯುವರ್ ತೋಟ” ಸಂತೆ 2011ರಲ್ಲಿ ಶುರುವಾಯ್ತು. ಮರುವರ್ಷವೇ ಮಾವಳ್ಳಿಪುರದ ಕಸದ ಗುಂಡಿ ಮುಚ್ಚಿ ಬೆಂಗಳೂರಿನ ಬೀದಿಬೀದಿಯಲ್ಲಿ ಕಸ ಕೊಳೀತು. ಮನೆಯಲ್ಲೇ ಗೊಬ್ಬರ ಮಾಡೋದು ಆಗ ಹುಚ್ಚರ ಕೆಲಸ ಅಂತ ಅನ್ನಿಸೋದು ನಿಂತಿತು. ಇತ್ತ ತಮಿಳುನಾಡು ಸರ್ಕಾರ 2013-14ರ ಹೊತ್ತಿಗೆ ಚೆನ್ನೈ, ಕೊಯಮತ್ತೂರಿನವರಿಗೆ “ಮಾಡಿ ತೋಟ್ಟಂ” ಕಿಟ್ ಕೊಡೋಕೆ ಶುರು ಮಾಡಿತು: ಚೀಲ, ಬೀಜ, ತೆಂಗಿನ ನಾರಿನ ಪುಡಿ. ಆ ಪುಡಿ ಯಾಕೆ ಗೊತ್ತಾ? ಒದ್ದೆ ಮಣ್ಣು ಭಯಂಕರ ಭಾರ. ಮಾಳಿಗೆ ತಡೆಯಬೇಕಲ್ಲ.

ನಮ್ಮ ಬಕೆಟ್ಟಿನ ಕಥೆ

ಅಂಗಡಿಯಿಂದ ತಂದ ಕಾಯಿಗಳಲ್ಲಿ ಒಂದನ್ನು ಅಮ್ಮ ಅಡುಗೆಗೆ ಹಾಕಲಿಲ್ಲ. ಮೊಳಕೆ ಬಂತು. ಇಪ್ಪತ್ತು ಲೀಟರಿನ ಪೇಂಟ್ ಬಕೆಟ್ಟಿಗೆ ತೂತು ಹೊಡೆದು, ಒಂದು ಪಾಲು ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ನಾರಿನ ಪುಡಿ ಹಾಕಿ ನೆಟ್ಟಳು. ಬಳ್ಳಿ ಗ್ರಿಲ್ ಹತ್ತಿತು, ಎಲೆ ಬಿಟ್ಟಿತು. ಅಮ್ಮ ಬೆಳಗ್ಗೆ ಕಾಫಿ ಲೋಟ ಹಿಡಿದು ಅದರ ಮುಂದೆ ಕೂರೋಕೆ ಶುರು ಮಾಡಿದಳು. ಏಪ್ರಿಲ್ ಬಂತು. ಎಲೆ ಸುಟ್ಟಿತು, ಮೊಗ್ಗು ಉದುರಿತು. ಒಂದು ಕಾಯಿಯೂ ಕಚ್ಚಲಿಲ್ಲ. ತಂಪು ಹವೆಯ ಬಳ್ಳಿ ಅದು; ತಮಿಳುನಾಡಲ್ಲೂ ಕೊಡೈಕೆನಾಲ್ ಕಡೆಯ ಬೆಟ್ಟದಲ್ಲಿ ಬೆಳೀತಾರೆ, ಕರಾವಳಿಯ ಸೆಕೆಯಲ್ಲಿ ಅಲ್ಲ. “ಅದಕ್ಕೂ ಆಗಲಿಲ್ಲ ನೋಡು ಇಲ್ಲಿ” ಅಂದಳು ಅಮ್ಮ. “ಅದಕ್ಕೂ” ಅನ್ನೋದು ನನಗೆ ಚುಚ್ಚಿತು.

ಅದೇ ವಾರ ಓನರ್ ಫೋನು. ಕೆಳಗಿನ ಮನೆಯ ಸೀಲಿಂಗಲ್ಲಿ ತೇವ, ಕುಂಡಗಳನ್ನೆಲ್ಲ ತೆಗೀರಿ ಅಂತ. ನಾನು ಆಯ್ತು ಅಂದುಬಿಡ್ತಿದ್ದೆ. ಅಮ್ಮ ಒಂದು ವಾರ ಟೈಮ್ ಕೇಳು ಅಂದಳು. ಕುಂಡಗಳನ್ನ ಸ್ಟ್ಯಾಂಡ್ ಮೇಲೆ ಎತ್ತಿಟ್ಟು ಕೆಳಗೆ ಟ್ರೇ ಇಟ್ಟೆವು. ಪೈಪ್ ಬಿಟ್ಟು ಚೊಂಬಲ್ಲಿ ಅಳೆದು ನೀರು ಹಾಕಿದೆವು. ಕೆಳಗಿನ ಮನೆಗೇ ಹೋಗಿ ನೋಡಿದೆವು. ತೇವ ನಿಂತಿತು, ಕುಂಡ ಉಳಿದವು.

ಖಾಲಿ ಬಕೆಟ್ ನೋಡಿ ಎದುರು ಮನೆಯ ತೆಲುಗಿನ ಆಂಟಿ ಒಂದು ಕಡ್ಡಿ ತಂದುಕೊಟ್ಟರು. “ಬಚ್ಚಲಿ” ಅಂದರು. ಅಮ್ಮ ಬಾತ್ರೂಮ್ ಬಾಗಿಲ ಕಡೆ ತಿರುಗಿ ನೋಡಿದಳು! ಆಮೇಲೆ ಎಲೆ ಮುಟ್ಟಿ, “ಅಯ್ಯೋ, ನಮ್ಮ ಬಸಳೆ ಕಣೇ” ಅಂದಳು. ತಮಿಳಲ್ಲಿ ಪಸಲೈ, ತೆಲುಗಲ್ಲಿ ಬಚ್ಚಲಿ, ನಮ್ಮಲ್ಲಿ ಬಸಳೆ. ಸೀಮೆಬದನೆ ಬಾಡಿದ ಅದೇ ಸೆಕೆಯಲ್ಲಿ ಬಸಳೆ ಗ್ರಿಲ್ ತುಂಬಾ ಹಬ್ಬಿತು.

ಈಗ ಲೆಕ್ಕ ಹೇಳ್ತೀನಿ. ಇಬ್ಬರಿಗೆ ದಿನಕ್ಕೆ ಅರ್ಧ ಕೇಜಿ ತರಕಾರಿ ಅಂದರೂ ತಿಂಗಳಿಗೆ 15 ಕೇಜಿ ಬೇಕು. ನಮ್ಮ ಬಾಲ್ಕನಿ ಒಳ್ಳೆ ತಿಂಗಳಲ್ಲಿ ಕೊಡೋದು ಒಂದೂವರೆ ಎರಡು ಕೇಜಿ ಸೊಪ್ಪು. ಅಂಗಡಿ ತಪ್ಪಲ್ಲ. ಬಾಲ್ಕನಿಯಲ್ಲಿ ಸ್ವಾವಲಂಬನೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಬಸಳೆ ಕೊಯ್ದ ದಿನ ಅಮ್ಮ ಎದುರು ಮನೆಗೂ ಕೆಳಗಿನ ಮನೆಗೂ ಒಂದೊಂದು ಕಟ್ಟು ಕೊಟ್ಟು ಬರ್ತಾಳೆ. ಅರ್ಧ ತಮಿಳು ಕಲಿತಿದ್ದಾಳೆ. ಹಿತ್ತಲ ಗಿಡ ಮದ್ದಲ್ಲ ಅನ್ನೋ ಗಾದೆ ನಮ್ಮನೆ ಮಟ್ಟಿಗೆ ಸುಳ್ಳಾಯ್ತು.

ನೀವು ಶುರು ಮಾಡೋದಾದರೆ ಊರಿನ ನೆನಪಿನ ಗಿಡದಿಂದ ಶುರು ಮಾಡಬೇಡಿ, ಈಗಿರೋ ಊರಿನ ಹವೆಗೆ ಒಗ್ಗೋದರಿಂದ ಮಾಡಿ. ಬಾಲ್ಕನಿಗೆ ಎಷ್ಟು ಗಂಟೆ ಬಿಸಿಲು ಬೀಳುತ್ತೆ ಅಂತ ಒಂದು ಭಾನುವಾರ ಕೂತು ನೋಡಿ. ಮೂರು ನಾಲ್ಕು ಗಂಟೆ ಇದ್ದರೆ ಮೆಂತ್ಯ, ದಂಟು, ಬಸಳೆ ಬರುತ್ತೆ. ಟೊಮೆಟೊ, ಮೆಣಸಿಗೆ ಆರು ಗಂಟೆಯಾದರೂ ಬೇಕು. ಪಕ್ಕದ ಮನೆಯವರು ಏನು ಬೆಳೆದಿದ್ದಾರೆ ಕೇಳಿ, ಒಂದು ಕಡ್ಡಿ ಇಸ್ಕೊಳ್ಳಿ.

ನಮ್ಮ ಅಗ್ರಿಮೆಂಟ್ ಮುಂದಿನ ತಿಂಗಳು ಮುಗಿಯುತ್ತೆ. ಬಾಡಿಗೆ ಏರಿಸಿದರೆ ಮನೆ ಬಿಡಬೇಕು. ಮೊನ್ನೆ ಅದನ್ನ ಹೇಳಿದಾಗ ಅಮ್ಮ ಗಾಬರಿಯಾಗಲಿಲ್ಲ. “ಎರಡು ಕಡ್ಡಿ ಒದ್ದೆ ಬಟ್ಟೇಲಿ ಸುತ್ತಿದರೆ ಆಯ್ತು ಬಿಡು” ಅಂದು ಟೀವಿ ನೋಡೋಕೆ ಹೋದಳು.