ಬ್ಯಾಂಟಿಂಗನ ಪತ್ರವೂ ನಮ್ಮ ರಾಗಿಮುದ್ದೆಯೂ



ನಾನು ನಿವೃತ್ತನಾದ ಮರುವರ್ಷ ಒಬ್ಬ ವೈದ್ಯರನ್ನು ಕಾಣಬೇಕಾಯಿತು. ಅವರು ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಮುಳ್ಳು 86 ಕಿಲೋ ತೋರಿಸಿತು. ರಕ್ತಪರೀಕ್ಷೆಯ ವರದಿಯನ್ನು ನೋಡಿ ಸಕ್ಕರೆಯ ಅಂಶವೂ ಏರಿದೆಯೆಂದರು. ಬಳಿಕ ಚೀಟಿಯಲ್ಲಿ ಔಷಧಿಗಳ ಹೆಸರಿನ ಕೆಳಗೆ ಒಂದು ಸಾಲು ಬರೆದುಕೊಟ್ಟರು: 'ರಾತ್ರಿ ಅನ್ನದ ಬದಲು ರಾಗಿಮುದ್ದೆ, ಸೊಪ್ಪಿನ ಸಾರು.' ಅದನ್ನು ಓದಿ ನನಗೆ ನಾಚಿಕೆಯಾಯಿತು. ಅದರ ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ. ಪುಸ್ತಕಗಳ ನಡುವೆ ಬದುಕಿದವನು ಕಷ್ಟ ಬಂದಾಗ ಮೊದಲು ಪುಸ್ತಕದ ಕಪಾಟಿನ ಕಡೆಗೇ ಹೋಗುವುದು ವಾಡಿಕೆ. ನಾನೂ ಹಾಗೆಯೇ ಮಾಡಿದೆ.

ಬೊಜ್ಜು ಇಂದಿನ ನಾಗರಿಕತೆಯ ಕೂಸು ಎಂದು ನಾವು ತಿಳಿಯುತ್ತೇವೆ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವನ್ನು ತೆರೆದರೆ ಈ ತಿಳಿವಳಿಕೆ ಸಡಿಲವಾಗುತ್ತದೆ. ಲೋಕವು ನಿಂದಿಸುವ ಎಂಟು ಬಗೆಯ ದೇಹಗಳನ್ನು ಹೇಳುವ ಅಧ್ಯಾಯ ಅದು. ಅತಿ ಎತ್ತರದವನು, ಅತಿ ಕುಳ್ಳನು, ಮೊದಲಾದವರನ್ನು ಎಣಿಸಿ ಗ್ರಂಥಕಾರನು ಅತಿಸ್ಥೂಲ, ಅತಿಕೃಶ ಎಂಬ ಇಬ್ಬರ ಬಳಿ ನಿಲ್ಲುತ್ತಾನೆ. ಮೈ ಬೆಳೆಯುವುದಕ್ಕೆ ಅತಿಯಾದ ಊಟ, ಸಿಹಿ ಮತ್ತು ಜಿಡ್ಡು, ಹಗಲುನಿದ್ದೆ, ವ್ಯಾಯಾಮವಿಲ್ಲದಿರುವುದು, ಚಿಂತೆಯಿಲ್ಲದಿರುವುದು ಕಾರಣವೆನ್ನುತ್ತಾನೆ. ಇವುಗಳ ಜೊತೆಗೆ ಬೀಜಸ್ವಭಾವವನ್ನೂ ಸೇರಿಸುತ್ತಾನೆ. ತಂದೆತಾಯಿಗಳಿಂದ ಬಂದದ್ದು ಎಂಬ ಕರುಣೆಯ ಮಾತೂ ಅಲ್ಲಿದೆಯೆಂದಾಯಿತು.

ಅದಕ್ಕಿಂತ ಮುಖ್ಯವಾದದ್ದು ಅವನು ಗುರುತಿಸಿದ ಇಕ್ಕಟ್ಟು. ಸ್ಥೂಲನ ಜಠರಾಗ್ನಿ ತೀಕ್ಷ್ಣವಾದದ್ದು. ಉಣಿಸಿದರೆ ಬೊಜ್ಜು ಬೆಳೆಯುತ್ತದೆ, ಉಪವಾಸವಿಟ್ಟರೆ ಅವನು ತಾಳಲಾರ. ಆದುದರಿಂದ ಹೊಟ್ಟೆಗೆ ಭಾರವೆನಿಸುವ, ಆದರೆ ಮೈಯನ್ನು ಬೆಳೆಸದ ಆಹಾರವನ್ನು ಕೊಡಬೇಕೆಂದು ವಿಧಿಸುತ್ತಾನೆ. ಪಟ್ಟಿಯಲ್ಲಿರುವುದು ಜವೆ, ಸಾಮೆ, ಹಾರಕ, ಹೆಸರು, ಹುರುಳಿ, ಮಜ್ಜಿಗೆಯಂಥವು. ಗಮನಿಸಿ, ಇವು ಅರಮನೆಯ ಪದಾರ್ಥಗಳಲ್ಲ. ಬಡವನ ಹೊಲದಲ್ಲಿ ಬೆಳೆದದ್ದು ಶ್ರೀಮಂತನ ಮೈಗೆ ಔಷಧವಾಯಿತು.

ನಮ್ಮ ನಾಡಿನ ಪಾಕಗ್ರಂಥಗಳ ದಾರಿ ಬೇರೆ. ಎರಡನೆಯ ಚಾವುಂಡರಾಯನು ಸುಮಾರು 1025ರಲ್ಲಿ ರಚಿಸಿದ 'ಲೋಕೋಪಕಾರ'ದಲ್ಲಿ ಅಡುಗೆಗೂ ಒಂದು ಅಧ್ಯಾಯವಿದೆ. ಮುಂದಿನ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದ ಅನ್ನಭೋಗ ಪ್ರಕರಣವಂತೂ ಒಂದು ರಾಜಭೋಜನವೇ ಸರಿ. ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ಹಿಟ್ಟಿನ ಭಕ್ಷ್ಯ, ಪಾನಕ, ಅನ್ನ, ಕಾಯಿಪಲ್ಯಗಳ ಪಾಕವನ್ನು 'ಸೂಪಶಾಸ್ತ್ರ'ದಲ್ಲಿ ಷಟ್ಪದಿಗೆ ಇಳಿಸಿದನು. ಓದುತ್ತಿದ್ದರೆ ಬಾಯಲ್ಲಿ ನೀರೂರುತ್ತದೆ. ನನ್ನಂಥವನ ತೂಕ ಇಳಿಯುವುದಿಲ್ಲ. ಇವುಗಳ ಕಾಳಜಿಯೆಲ್ಲ ರುಚಿಯ ಕಡೆಗೆ.

ಮೈ ಇಳಿಸುವ ಉಪಾಯವು ಎಲ್ಲರ ಬಾಯಿಮಾತಾದ ಕಥೆಗೆ ನಾವು ಲಂಡನ್ನಿಗೆ ಹೋಗಬೇಕು. ವಿಲಿಯಂ ಬ್ಯಾಂಟಿಂಗ್ ಎಂಬಾತ ಅಲ್ಲಿ ಶವಸಂಸ್ಕಾರದ ಏರ್ಪಾಡು ಮಾಡಿಸುವ ವ್ಯಾಪಾರಿ. ರಾಜಮನೆತನದ ಅಂತ್ಯಕ್ರಿಯೆಗಳ ಹೊಣೆಯನ್ನೂ ಹೊತ್ತ ಮನೆತನದವನು. ಎತ್ತರ 5 ಅಡಿ 5 ಅಂಗುಲ, ತೂಕ 202 ಪೌಂಡು, ಅಂದರೆ ಸುಮಾರು 92 ಕಿಲೋ. ಬಗ್ಗಿ ಪಾದರಕ್ಷೆ ಕಟ್ಟಿಕೊಳ್ಳಲಾರದವನು, ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುತ್ತಿದ್ದವನು. ದೋಣಿಗೆ ಹುಟ್ಟು ಹಾಕಿ ನೋಡಿದ, ಹಸಿವೆ ಹೆಚ್ಚಿತು. ಬಿಸಿಹಬೆಯ ಸ್ನಾನಗಳನ್ನೂ ಮಾಡಿ ನೋಡಿದ. ಕಡೆಗೆ, ಕಿವಿ ಮಂದವಾಯಿತೆಂದು 1862ರಲ್ಲಿ ವಿಲಿಯಂ ಹಾರ್ವೆ ಎಂಬ ಕಿವಿಯ ವೈದ್ಯನ ಬಳಿಗೆ ಹೋದ. ಹಾರ್ವೆ ಪ್ಯಾರಿಸ್ಸಿನಲ್ಲಿ ಕ್ಲಾಡ್ ಬರ್ನಾರ್ಡನ ಉಪನ್ಯಾಸವನ್ನು ಕೇಳಿ ಬಂದಿದ್ದವನು. ಯಕೃತ್ತಿಗೂ ಸಕ್ಕರೆಗೂ ಇರುವ ಸಂಬಂಧವನ್ನು ಅಲ್ಲಿ ತಿಳಿದಿದ್ದ. ಬ್ರೆಡ್ಡು, ಬೆಣ್ಣೆ, ಹಾಲು, ಸಕ್ಕರೆ, ಬಿಯರು, ಆಲೂಗಡ್ಡೆ ಇವುಗಳನ್ನು ಬಿಡೆಂದ. ಮಾಂಸ, ಮೀನು, ದ್ರಾಕ್ಷಾರಸಗಳಿಗೆ ಅಡ್ಡಿಯಿರಲಿಲ್ಲ. ಸುಮಾರು ಒಂದು ವರ್ಷದಲ್ಲಿ ರೋಗಿಯ ಮೈಯಿಂದ 46 ಪೌಂಡು ಕರಗಿತು.

ಬ್ಯಾಂಟಿಂಗನಿಗೆ ಆನಂದ ತಡೆಯಲಾಗಲಿಲ್ಲ. 1863ರಲ್ಲಿ ಸ್ವಂತ ಖರ್ಚಿನಿಂದ, ಸಾರ್ವಜನಿಕರಿಗೆ ಬರೆದ ಪತ್ರವೆಂಬ ರೂಪದಲ್ಲಿ, ಒಂದು ಕಿರುಹೊತ್ತಗೆಯನ್ನು ಅಚ್ಚು ಹಾಕಿಸಿ ಹಂಚಿದ. ಅದರ ಪ್ರಸಿದ್ಧಿ ಎಷ್ಟೆಂದರೆ ಅವನ ಹೆಸರೇ ಇಂಗ್ಲಿಷಿನಲ್ಲಿ ಕ್ರಿಯಾಪದವಾಯಿತು. ಸ್ವೀಡಿಷ್ ಭಾಷೆಯಲ್ಲಿ ಇಂದಿಗೂ ಮೈ ಇಳಿಸುವುದಕ್ಕೆ 'ಬಾಂಟಾ' ಎನ್ನುತ್ತಾರೆ. ವ್ಯಾಕರಣ ಪಾಠ ಹೇಳಿದ ನನಗೆ, ನಾಮಪದವೊಂದು ಹೀಗೆ ಕ್ರಿಯಾಪದವಾದದ್ದು ತಮಾಷೆಯಾಗಿ ಕಂಡಿತು.

ಆಮೇಲೆ ಬಂದದ್ದು ಲೆಕ್ಕದ ಕಾಲ. ಅಮೆರಿಕದಲ್ಲಿ ವಿಲ್ಬರ್ ಆಟ್‌ವಾಟರ್ ಎಂಬ ವಿಜ್ಞಾನಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆಹಾರದ ಶಕ್ತಿಯನ್ನು ಕ್ಯಾಲೊರಿಗಳಲ್ಲಿ ಅಳೆದನು. ಲಾಸ್ ಏಂಜಲಿಸ್ಸಿನ ವೈದ್ಯೆ ಲುಲು ಹಂಟ್ ಪೀಟರ್ಸ್ 1918ರ ತನ್ನ ಪುಸ್ತಕದಲ್ಲಿ ಆ ಲೆಕ್ಕವನ್ನು ಗೃಹಿಣಿಯರ ಕೈಗಿತ್ತಳು. ನಮ್ಮ ದೇಶದಲ್ಲಿ ಕೂನೂರಿನ ಪೋಷಣ ಪ್ರಯೋಗಾಲಯದಲ್ಲಿ ಆಕ್ರಾಯ್ಡ್ ಮತ್ತು ಅವರ ಸಂಗಡಿಗರು ಭಾರತೀಯ ಆಹಾರಗಳ ಗುಣಮೌಲ್ಯದ ಕೋಷ್ಟಕವನ್ನು 1937ರಲ್ಲಿ ಹೊರತಂದರು. ಆದರೆ ಅವರ ಮುಂದಿದ್ದ ಪ್ರಶ್ನೆ ಬೊಜ್ಜಿನದಲ್ಲ, ಹಸಿವೆಯದು. ಆ ಪ್ರಯೋಗಾಲಯ ಮುಂದೆ ಹೈದರಾಬಾದಿಗೆ ಬಂದಿತು, ಡಾ. ಸಿ. ಗೋಪಾಲನ್ ಮೊದಲಾದವರು ಕೋಷ್ಟಕವನ್ನು ಪರಿಷ್ಕರಿಸಿದರು.

ಆ ಪರಿಷ್ಕೃತ ಕೋಷ್ಟಕವನ್ನು ನೋಡಿ ನಾನು ಬೆರಗಾದೆ. ನೂರು ಗ್ರಾಂ ಅಕ್ಕಿಯಲ್ಲಿ 345 ಕ್ಯಾಲೊರಿ, ನೂರು ಗ್ರಾಂ ರಾಗಿಯಲ್ಲಿ 328. ಎರಡಕ್ಕೂ ಅಂತರ ಎಷ್ಟು ಅಲ್ಪ! ರಾಗಿಯಲ್ಲಿ ಸುಣ್ಣದ ಅಂಶ 344 ಮಿಲಿಗ್ರಾಂ, ಅಕ್ಕಿಯಲ್ಲಿ 10. ನಾರಿನಂಶವೂ ರಾಗಿಯಲ್ಲಿಯೇ ಹೆಚ್ಚು. ರಾಗಿಯ ಹಿರಿಮೆ ನಿಜವಾದದ್ದೇ. ಆದರೆ ಅದು ಬೊಜ್ಜು ಕರಗಿಸುವ ಮಂತ್ರದಂಡವಲ್ಲ. ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು 2023ನ್ನು ವಿಶ್ವಸಂಸ್ಥೆ ಆಚರಿಸಿದ ಮೇಲೆ ಅಂಗಡಿಗಳಲ್ಲಿ ರಾಗಿ ಬಿಸ್ಕತ್ತಿನ ಪೊಟ್ಟಣಗಳನ್ನು ಕೊಳ್ಳುವಾಗ ನಾವು ಈ ಮಾತನ್ನು ನೆನೆಯಬೇಕು. ಪೊಟ್ಟಣದಲ್ಲಿ ರಾಗಿಯ ಜೊತೆಗೆ ಸಕ್ಕರೆಯೂ ಎಣ್ಣೆಯೂ ಇರಬಹುದಲ್ಲವೆ?

ನಾನು ಇದನ್ನು ಅನುಭವದಿಂದಲೇ ಕಲಿತೆ. ವೈದ್ಯರ ಮಾತಿನಂತೆ ಮುದ್ದೆಯನ್ನು ಆರಂಭಿಸಿ, ಅದು ಮುಗಿದ ಮೇಲೆ ಎಂದಿನಂತೆ ಅನ್ನವನ್ನೂ ಬಡಿಸಿಕೊಂಡೆ. ಮೂರು ತಿಂಗಳಲ್ಲಿ ತೂಕ ಒಂದು ಕಿಲೋ ಏರಿತು. ಶಿವಮೊಗ್ಗೆಯ ಕಡೆಯ ಅನ್ನದ ಮನೆಯಿಂದ ಬಂದ ನನ್ನ ಹೆಂಡತಿ, "ಮುದ್ದೆ ಔಷಧಿ, ಅನ್ನ ಊಟ ಅಂತ ತಿಳ್ಕೊಂಡಿದ್ದೀರಿ" ಎಂದು ನಕ್ಕಳು.

ಈಗ ಆ ನಾಚಿಕೆಯ ಮಾತು. ಕನಕದಾಸರ 'ರಾಮಧಾನ್ಯಚರಿತ್ರೆ'ಯನ್ನು ನಾನು ಎಷ್ಟೋ ವರ್ಷ ತರಗತಿಯಲ್ಲಿ ಪಾಠ ಹೇಳಿದ್ದೇನೆ. ವ್ರೀಹಿಯು ನರೆದಲೆಗನನ್ನು, ಅಂದರೆ ಅಕ್ಕಿಯು ರಾಗಿಯನ್ನು, ಹೀನಾಯವಾಗಿ ಜರೆಯುತ್ತದೆ. ಆರು ತಿಂಗಳ ಸೆರೆಯಲ್ಲಿ ಅಕ್ಕಿ ಕೆಡುತ್ತದೆ, ರಾಗಿ ಉಳಿಯುತ್ತದೆ. ರಾಮನು ಅದಕ್ಕೆ ತನ್ನ ರಾಘವ ನಾಮವನ್ನೇ ಕೊಡುತ್ತಾನೆ. ವಿದ್ಯಾರ್ಥಿಗಳಿಗೆ ಈ ಕಾವ್ಯದ ಸಾಮಾಜಿಕ ಆಶಯವನ್ನು ಆವೇಶದಿಂದ ವಿವರಿಸಿ ಮನೆಗೆ ಬರುತ್ತಿದ್ದ ನಾನು, ಮನೆಯಲ್ಲಿ ವ್ರೀಹಿಯ ಪಕ್ಷದವನಾಗಿದ್ದೆ.

1984ರಲ್ಲಿ ನನಗೆ ಕೆಲಸ ಸಿಕ್ಕಿ, ತುಮಕೂರು ಜಿಲ್ಲೆಯ ನಮ್ಮ ಹಳ್ಳಿಯಿಂದ ಅವ್ವ ನನ್ನೊಡನಿರಲು ಬಂದಳು. ಬರುವಾಗ ರಾಗಿಯ ಚೀಲವನ್ನೂ ಹಿಟ್ಟಿನ ಕೋಲನ್ನೂ ತಂದಿದ್ದಳು. ಒಂದು ಸಂಜೆ ಸಹೋದ್ಯೋಗಿಯೊಬ್ಬರು ಊಟಕ್ಕೆ ಬರುವವರಿದ್ದರು. ಅವ್ವ ಒಲೆಯ ಮೇಲೆ ಎಸರಿಟ್ಟು ಹುರುಳಿಕಟ್ಟಿನ ಸಾರು ಮಾಡುತ್ತಿದ್ದಳು. "ಇದನ್ನೆಲ್ಲ ಅವರ ಮುಂದೆ ಇಡಬೇಡ. ಅನ್ನ ಮಾಡವ್ವ" ಎಂದೆ. ಅವ್ವ ನನ್ನ ಮುಖವನ್ನೊಮ್ಮೆ ನೋಡಿ ಎಸರನ್ನು ಕೆಳಗಿಳಿಸಿದಳು. ಮರುದಿನದಿಂದ ನಮ್ಮ ಮನೆಯಲ್ಲಿ ಮುದ್ದೆ ಆಗಲಿಲ್ಲ. ಹಿಟ್ಟಿನ ಕೋಲು ಅಟ್ಟವನ್ನೇರಿತು. 1996ರಲ್ಲಿ ತೀರಿಕೊಳ್ಳುವವರೆಗೂ ಅವಳು ಆ ಮಾತನ್ನು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಚರಕನ ಪಟ್ಟಿಯ ಹುರುಳಿ, ವೈದ್ಯರ ಚೀಟಿಯ ಮುದ್ದೆ, ಎರಡೂ ಆ ಸಂಜೆ ನನ್ನ ಒಲೆಯ ಮೇಲೆಯೇ ಇದ್ದವು. ಪಥ್ಯದ ಪುಸ್ತಕಗಳಲ್ಲಿ ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂಬುದಿರುತ್ತದೆ. ಒಲೆಯ ಮುಂದೆ ನಿಂತವರು ಯಾರು, ಅವರಿಗೆ ನಾವು ಕೊಟ್ಟ ಮರ್ಯಾದೆ ಎಷ್ಟು ಎಂಬ ಲೆಕ್ಕಕ್ಕೆ ಅಲ್ಲಿ ಅಂಕಣವಿಲ್ಲ. ಮನೆಯಡುಗೆಯನ್ನು ಕಳೆದುಕೊಂಡದ್ದು ನಾಲಗೆಯ ಚಪಲದಿಂದ ಎಂದು ನಾವು ಹೇಳುತ್ತೇವೆ. ನನ್ನ ಮಟ್ಟಿಗೆ ಅದು ಅಂತಸ್ತಿನ ಚಪಲವಾಗಿತ್ತು.

ಆ ಕೋಲನ್ನು ಅಟ್ಟದಿಂದ ಇಳಿಸಿ ತೊಳೆದಿದ್ದೇನೆ. ಹಿಟ್ಟು ತಿರುವುವುದನ್ನು ನಾನೇ ಕಲಿಯಬೇಕಾಯಿತು. ತೋಳಿಗೆ ಅದೇನು ಸಣ್ಣ ವ್ಯಾಯಾಮವಲ್ಲ. ರಾತ್ರಿಗೆ ಒಂದೇ ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ. ಸೊಪ್ಪು ತರಲು ಸಂತೆಯವರೆಗೆ ನಡೆದೇ ಹೋಗುತ್ತೇನೆ. ವರ್ಷ ಕಳೆಯುವಷ್ಟರಲ್ಲಿ ಮುಳ್ಳು 80ಕ್ಕೆ ಇಳಿಯಿತು. ಹಿಟ್ಟಿನಲ್ಲಿ ಗಂಟು ಮಾತ್ರ ಇನ್ನೂ ನಿಲ್ಲುತ್ತದೆ. ಗಂಟಾಗದಂತೆ ಹೇಗೆ ತಿರುವಬೇಕೆಂದು ಕೇಳೋಣವೆಂದರೆ ಅವ್ವ ಇಲ್ಲ.